ರಸಾಯನಾಚಾರ್ಯರೊಬ್ಬರ ಕಾಗದದ ಕಟ್ಟುಗಳು

ಕಲಬುರಗಿ ಸೀಮೆಯ ಮಠಗಳಲ್ಲಿ ಓಲೆಗರಿಯ ಕಟ್ಟುಗಳು ಪೂಜೆಗೊಳ್ಳುತ್ತ ಉಳಿದು ಬಂದವು. ಅದೇ ಊರಿನ ರೋಜಾದಲ್ಲಿ ಖಾಜಾ ಬಂದೇನವಾಜರ ದರ್ಗಾದ ಗ್ರಂಥಭಂಡಾರವು ಪಾರಸಿ, ಅರಬ್ಬಿ ಹಸ್ತಪ್ರತಿಗಳನ್ನು ಕಾಯ್ದುಕೊಂಡಿದೆ. ಧರ್ಮಗ್ರಂಥಕ್ಕೆ ದೊರೆತ ಈ ಭಾಗ್ಯವು ವಿಜ್ಞಾನದ ಅಧ್ಯಾಪಕನ ಕೈಬರಹಕ್ಕೆ ದೊರೆಯುವುದು ಅಪೂರ್ವ. ಆತನ ಅಚ್ಚಾದ ಪ್ರಬಂಧಗಳಿವೆಯಲ್ಲ, ಕರಡುಗಳೇತಕ್ಕೆ ಎಂಬುದು ಸಾಮಾನ್ಯ ಭಾವನೆ. ಈ ಭಾವನೆ ಎಷ್ಟು ತಪ್ಪೆಂಬುದನ್ನು ಕನ್ನಡ ನಾಡಿಗೆ ಸಂಬಂಧಿಸಿದ ಒಂದು ನಿದರ್ಶನವೇ ತೋರುತ್ತದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕರಾದ ಮಾರಿಸ್ ಟ್ರಾವರ್ಸ್ (1872–1961) ಬ್ರಿಸ್ಟಲಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅವರ ಗುರು ಸರ್ ವಿಲಿಯಂ ರ್‍ಯಾಮ್ಸೇ. ಜಮಶೇಟಜಿ ಟಾಟಾ ಅವರ ಯೋಜನೆಯನ್ನು ಪರಿಶೀಲಿಸಲು 1900ರಲ್ಲಿ ಭಾರತಕ್ಕೆ ಬಂದು, ಸಂಸ್ಥೆಗೆ ಬೆಂಗಳೂರೇ ತಕ್ಕ ಸ್ಥಳವೆಂದು ಸೂಚಿಸಿದವರು ಇದೇ ರ್‍ಯಾಮ್ಸೇ. ಗುರು ಆರಿಸಿದ ನೆಲದಲ್ಲಿ ಶಿಷ್ಯನು ಕಟ್ಟಡ ಎಬ್ಬಿಸಿದನು.

1898ರ ಬೇಸಗೆಯಲ್ಲಿ ಈ ಗುರುಶಿಷ್ಯರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಮೂರು ಹೊಸ ಮೂಲವಸ್ತುಗಳನ್ನು ಕಂಡರು. ದ್ರವವಾಯುವನ್ನು ಆವಿಯಾಗಿಸಿ, ಕೊನೆಗುಳಿದ ಶೇಷದಲ್ಲಿ ಮೇ ತಿಂಗಳಲ್ಲಿ ಕ್ರಿಪ್ಟಾನ್, ಆರ್ಗಾನಿನಿಂದ ಮೊದಲು ಹೊರಬಿದ್ದ ಹಗುರ ಭಾಗದಲ್ಲಿ ಜೂನಿನಲ್ಲಿ ನಿಯಾನ್, ಜುಲೈಯಲ್ಲಿ ಜೆನಾನ್. ಅಚ್ಚಾದ ಪ್ರಬಂಧವು ಫಲವನ್ನು ಹೇಳುತ್ತದೆ. ಯಾವ ದಿನ ಯಾವ ಅನುಮಾನ ಹುಟ್ಟಿತು, ಯಾವ ಪ್ರಯೋಗ ಕೆಟ್ಟಿತು, ಏನನ್ನು ಹೊಡೆದುಹಾಕಲಾಯಿತು ಎಂಬುದನ್ನು ದಿನಾಂಕ ಹಾಕಿದ ಪ್ರಯೋಗ ಪುಸ್ತಕವೊಂದೇ ಬಲ್ಲದು. 1928ರಲ್ಲಿ ಈ ಶೋಧಗಳ ಇತಿಹಾಸವನ್ನು ಬರೆಯುವಾಗ ಟ್ರಾವರ್ಸ್ ಆಶ್ರಯಿಸಿದ್ದು ಸ್ಮರಣೆಯನ್ನಷ್ಟೇ ಅಲ್ಲ, ಮೂವತ್ತು ವರ್ಷಗಳ ಹಿಂದಿನ ಆ ಪುಸ್ತಕಗಳನ್ನು. ಗುರುವಿನ ಪತ್ರಗಳನ್ನೂ ಅವರು ಒಟ್ಟುಗೂಡಿಸಿದರು. 1956ರಲ್ಲಿ ಹೊರಬಂದ ರ್‍ಯಾಮ್ಸೇ ಚರಿತ್ರೆಗೆ ಅದೇ ಆಧಾರ. ಎಂಬತ್ತು ದಾಟಿದ ಶಿಷ್ಯನು ಗುರುವಿನ ಕಾಗದಗಳ ಮುಂದೆ ಕುಳಿತದ್ದನ್ನು ಸೇವೆಯೆನ್ನದೆ ಬೇರೇನೆನ್ನಬೇಕು!

ಇಂಥ ಸಂಗ್ರಹವನ್ನು ಕಾಯುವವರು ಮುಖ್ಯವಾಗಿ ಪಾಲಿಸುವ ನಿಯಮ ಒಂದು: ಕಾಗದಗಳು ಯಾವ ಕ್ರಮದಲ್ಲಿ ದೊರೆತವೋ ಆ ಕ್ರಮವನ್ನು ಕೆಡಿಸಬಾರದು. ಓಲೆಗರಿಯ ದಾರ ಬಿಚ್ಚಿ ಗರಿಗಳು ಬೆರೆತರೆ ಪಾಠ ನಿರ್ಣಯಿಸುವವರು ಪಡುವ ಕಷ್ಟ ಸಾಹಿತ್ಯಾಭ್ಯಾಸಿಗಳಿಗೆ ತಿಳಿದದ್ದೇ. ಪತ್ರವೊಂದರ ಪಕ್ಕದಲ್ಲಿ ಅದರ ಉತ್ತರದ ಕರಡು ಇದ್ದರೆ ಮಾತ್ರ ಎರಡಕ್ಕೂ ಅರ್ಥ.

ಇನ್ನು ಕಾಗದದ ಆಯುಷ್ಯ. ಎಣ್ಣೆ ಸವರಿದ ತಾಳೆಗರಿ ಶತಮಾನಗಳನ್ನು ಕಳೆಯಬಲ್ಲದು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಬಳಕೆಗೆ ಬಂದ ಮರದ ತಿರುಳಿನ ಕಾಗದಕ್ಕೆ ಆ ಶಕ್ತಿಯಿಲ್ಲ. ಮಸಿ ಹರಡದಿರಲೆಂದು ಅದಕ್ಕೆ ಪಟಿಕ ಮತ್ತು ರಾಳ ಸೇರಿಸುತ್ತಿದ್ದರು. ಪಟಿಕವು ತೇವದೊಡನೆ ಕೂಡಿ ಆಮ್ಲವನ್ನು ಹುಟ್ಟಿಸುತ್ತದೆ. ಆಮ್ಲವು ನಾರಿನ ಅಣುಸರಪಳಿಯನ್ನು ತುಂಡರಿಸುತ್ತದೆ. ಹಾಳೆ ಹಳದಿಗಟ್ಟಿ ಮುಟ್ಟಿದರೆ ಮುರಿಯುತ್ತದೆ. ರಸಾಯನಾಚಾರ್ಯರ ಬರಹವನ್ನು ನುಂಗುವುದೂ ರಾಸಾಯನಿಕ ಕ್ರಿಯೆಯೇ. ಆಮ್ಲರಹಿತ ಪೆಟ್ಟಿಗೆ, ಬೆಳಕಿಲ್ಲದ ತಂಪು ಕೋಣೆ, ತುಕ್ಕುಹಿಡಿಯುವ ಗುಂಡುಸೂಜಿಗಳನ್ನು ತೆಗೆಯುವುದು, ಇಷ್ಟರಿಂದಲೇ ಆಯುಷ್ಯ ಬಹಳ ಹೆಚ್ಚುತ್ತದೆ. ಗೆದ್ದಲಿನ ನಾಡಿನಲ್ಲಿ ಪೆಟ್ಟಿಗೆಯನ್ನು ನೆಲದಿಂದ ಎತ್ತರಿಸಿಡುವುದೂ ಅಗತ್ಯ.

ಆಡಳಿತ ಮಂಡಳಿಯೊಡನೆ ವಿರಸ ಬೆಳೆದು ಟ್ರಾವರ್ಸ್ 1914ರಲ್ಲಿ ಬೆಂಗಳೂರನ್ನು ಬಿಟ್ಟರು. ಮಂಡಳಿಯ ನಡವಳಿಗಳು ತೀರ್ಮಾನಗಳನ್ನು ದಾಖಲಿಸುತ್ತವೆ, ಅವುಗಳ ಹಿಂದಿನ ಮನಸ್ಸನ್ನಲ್ಲ. ಗುರುಶಿಷ್ಯರ ಕಾಗದಗಳೆರಡೂ ಇಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಗ್ರಂಥಭಂಡಾರದಲ್ಲಿವೆ. ಕನ್ನಡ ನಾಡಿನ ಮೊದಲ ಮಹಾ ವಿಜ್ಞಾನಸಂಸ್ಥೆಯ ಆರಂಭದ ಕಥೆಯನ್ನು ಎರಡೂ ಕಡೆಯಿಂದ ಕೇಳಬಯಸುವ ಇಲ್ಲಿನ ಸಂಶೋಧಕನು ಅಲ್ಲಿಯ ಬಾಗಿಲನ್ನೂ ತಟ್ಟಬೇಕಾಗಿದೆ.