ನೆಲ್ಲಿನ ಧೂಳು, ಮೂಗಿನ ಬೂಷ್ಟು

ನೆಲ್ಲಿನ ಕಟಾವು ಶುರುವಾಯಿತೆಂದರೆ ಸಿಂಧನೂರಿನ ಗಾಳಿಗೇ ಬಣ್ಣ ಬರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಗದ್ದೆಗಳಲ್ಲಿ ಮಷೀನು ಗರಗರನೆ ಓಡುತ್ತದೆ, ರಸ್ತೆ ಬದಿ ತಾಡಪಾಲಿನ ಮೇಲೆ ನೆಲ್ಲು ಒಣಗುತ್ತದೆ, ರೈಸ್‌ಮಿಲ್ಲಿನ ಹಿಂದೆ ಹೊಟ್ಟಿನ ರಾಶಿ ಏಳುತ್ತದೆ. ಆ ಧೂಳಿನಲ್ಲಿ ಕಣ್ಣಿಗೆ ಕಾಣದ ಬೂಷ್ಟಿನ ಕಣಗಳೂ ಇರುತ್ತವೆ. ಬಹುತೇಕರಿಗೆ ಏನೂ ಆಗುವುದಿಲ್ಲ. ಕೆಲವರ ಮೂಗಿನ ಪಕ್ಕದ ಪೊಳ್ಳುಗಳಲ್ಲಿ, ಅಂದರೆ ಸೈನಸ್ಸಿನಲ್ಲಿ, ಅದು ಠಿಕಾಣಿ ಹೂಡುತ್ತದೆ.

ಮೂಗಿನ ಡಾಕ್ಟರ ದವಾಖಾನೆಯಲ್ಲಿ ಇಂಥವರು ಒಂದೇ ಬೆಂಚಿನ ಮೇಲೆ ಸಿಗುತ್ತಾರೆ. ಮಸ್ಕಿ ಕಡೆಯ ಹಮಾಲನೊಬ್ಬ: "ವರ್ಷಾತು ಸರ, ಮೂಗು ಬಿಟ್ಟೇ ಇಲ್ಲ. ಅಂಗಡ್ಯಾಗಿನ ಗುಳಿಗಿ ನುಂಗಿ ನುಂಗಿ ಸಾಕಾತು." ದುರ್ಬೀನು ಒಳಗೆ ಹೋದರೆ ಪರದೆಯ ಮೇಲೆ ಮಾಂಸದ ಗಂಟುಗಳು, ಅವುಗಳ ನಡುವೆ ಅರೆದ ಶೇಂಗಾದಂಥ ಗಟ್ಟಿ ಸಿಂಬಳ. ಸಿ.ಟಿ. ಸ್ಕ್ಯಾನಿನಲ್ಲಿ ಗಾಳಿಯಿದ್ದು ಕಪ್ಪಗೆ ಕಾಣಬೇಕಾದ ಸೈನಸ್ಸು ಬೂದಿಬಣ್ಣವಾಗಿ, ನಡುನಡುವೆ ಬೆಳ್ಳಗೆ ಹೊಳೆಯುತ್ತದೆ. ಇದು ಅಲರ್ಜಿಯ ಬಗೆ. ನಮ್ಮ ದೇಶದಲ್ಲಿ ಇದರ ಹಿಂದೆ ಸಾಮಾನ್ಯವಾಗಿ ಆಸ್ಪರ್ಜಿಲ್ಲಸ್ ಎಂಬ ಬೂಷ್ಟು ಇರುತ್ತದೆ. ಆಪರೇಷನ್, ಮೂಗಿನ ಸ್ಪ್ರೇ ಬೇಕು. ಗಾಬರಿ ಬೇಡ.

ಗಾಬರಿ ಬೇಕಾದದ್ದು ಪಕ್ಕದಲ್ಲಿ ಸೆರಗು ಹೊದ್ದು ಸುಮ್ಮನೆ ಕೂತ ಲಿಂಗಸುಗೂರು ಕಡೆಯ ಹೆಂಗಸಿನ ವಿಷಯದಲ್ಲಿ. ಶುಗರ್ ಹತೋಟಿಯಲ್ಲಿಲ್ಲ. ಎರಡು ದಿನದಿಂದ ಗಲ್ಲ ಜೋಮು, ಕಣ್ಣು ಊದಿದೆ. ಮೂಗಿನೊಳಗೆ ಕರಿಹಕ್ಕಳೆ. ಇದು ಮ್ಯೂಕರ್ ಎಂಬ ಬೂಷ್ಟು, ರಕ್ತನಾಳವನ್ನೇ ಕಟ್ಟಿಬಿಡುತ್ತದೆ. ರಕ್ತ ಸಿಗದೆ ಸತ್ತ ಮಾಂಸದ ಬಣ್ಣ ಅದು. ಕೊರೊನಾದ ಎರಡನೇ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ, ಆಂಫೋಟೆರಿಸಿನ್ ಇಂಜೆಕ್ಷನ್ನಿಗೆ ಜನ ಪರದಾಡಿದ್ದು ಇದಕ್ಕೇ. ಕೊರೊನಾ ಹೋಯಿತೆಂದು ಮ್ಯೂಕರ್ ಹೋಗಿಲ್ಲ. ಶುಗರ್ ಇರುವ ಮನೆಗಳಲ್ಲಿ ಇದನ್ನು ಯಾರೂ ಹೇಳಿಕೊಟ್ಟಂತಿಲ್ಲ.

ಡಾಕ್ಟರು ಚಿಮುಟದಿಂದ ತೆಗೆದ ಚೂರು ಎರಡು ಬಾಟಲಿಗೆ ಹೋಗುತ್ತದೆ. ಬಯಾಪ್ಸಿಗೆ ಫಾರ್ಮಲಿನ್, ಉಳಿದದ್ದಕ್ಕೆ ಸಲೈನ್. ಫಾರ್ಮಲಿನ್‌ನಲ್ಲಿ ಬೂಷ್ಟು ಸಾಯುತ್ತದೆ, ಆಮೇಲೆ ಅದನ್ನು ಬೆಳೆಸಿ ನೋಡುವ ಕಲ್ಚರ್ ಆಗದು. ಗಡಿಬಿಡಿಯಲ್ಲಿ ತಪ್ಪುವುದು ಇಲ್ಲೇ. ಸಲೈನಿನ ಚೂರಿಗೆ ಲ್ಯಾಬಿನವರು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸುತ್ತಾರೆ. ಮಾಂಸ ಕರಗಿ ಬೂಷ್ಟಿನ ಎಳೆ ಉಳಿಯುತ್ತದೆ: ಅಗಲವಾಗಿ, ಅಡ್ಡಗೋಡೆಯಿಲ್ಲದೆ ಮಡಚಿಕೊಂಡಿದ್ದರೆ ಮ್ಯೂಕರ್, ಸಪೂರ, ಗೆಣ್ಣುಗೆಣ್ಣಾಗಿ ಕವಲೊಡೆದಿದ್ದರೆ ಆಸ್ಪರ್ಜಿಲ್ಲಸ್. ಉತ್ತರ ಅದೇ ದಿನ. ಕಲ್ಚರಿಗೆ ದಿನಗಳೇ ಬೇಕು, ಅಲ್ಲಿಯವರೆಗೆ ಕಾಯುವಂತಿಲ್ಲ.

ಹೆಂಗಸನ್ನು ಆಗಲೇ ರಾಯಚೂರಿಗೆ ಕಳಿಸುವ ಓಡಾಟ ನಡೆದಿದೆ. ಹಮಾಲನ ಚಿಂತೆ ಬೇರೆ: "ಆಪರೇಷನ್ ಸುಗ್ಗಿ ಆದಮ್ಯಾಲೆ ಮಾಡಿದ್ರ ನಡೀತೈತೇನ್ರಿ ಸರ?"