ತೊಗರಿ ಎಲೆ ಮೇಲಿನ ಧೂಳು ಮಳೆಗೆ ಹೋಗುತ್ತದೆಯೇ?

ಸೇಡಂ, ವಾಡಿ, ಚಿತ್ತಾಪುರದ ಸಿಮೆಂಟ್ ಕಾರ್ಖಾನೆಗಳ ಸುತ್ತ ತೊಗರಿ ಎಲೆ ಬೆಳ್ಳಗಾದರೆ, 'ಮಳಿ ಬಂದ್ರ ತೊಳ್ಕೊಂಡು ಹೋಗ್ತದ ಬಿಡ್ರಿ' ಅನ್ನುವವರಿದ್ದಾರೆ. ಎಲೆಯ ಜೀವಕೋಶ ಅಲ್ಲಿವರೆಗೆ ಕಾಯುವುದಿಲ್ಲ.

ಪ್ರಾಣಿಕೋಶದಲ್ಲಿ ಇಲ್ಲದ ಕ್ಲೋರೋಪ್ಲಾಸ್ಟ್ ಸಸ್ಯಕೋಶದ ಅಡುಗೆಮನೆ. ಧೂಳು ಬಿಸಿಲನ್ನು ತಡೆದರೆ ಅಡುಗೆ ಅರ್ಧ. ಗಾಳಿ ಒಳಬರುವ ಪತ್ರರಂಧ್ರಕ್ಕೆ ಎರಡು ಕಾವಲು ಕೋಶಗಳೇ ಬಾಗಿಲು. ಅಲ್ಲಿ ಧೂಳು ಕೂತರೆ ಇಂಗಾಲದ ಡೈಆಕ್ಸೈಡ್ ಕೂಡ ಸಾಕಷ್ಟು ಸಿಗದು. ಸಕ್ಕರೆಯೇ ಕಮ್ಮಿಯಾದರೆ, ಅದರಿಂದ ಶಕ್ತಿ ತೆಗೆಯುವ ಮೈಟೋಕಾಂಡ್ರಿಯ ತಾನೇ ಏನು ಮಾಡೀತು?

ಮೇಲಾಗಿ ತೊಗರಿ ಹೂಬಿಟ್ಟು ಕಾಯಿ ಕಟ್ಟುವುದು ಮಳೆಗಾಲ ಹಿಂದೆ ಸರಿದ ಮೇಲೆ. ಆಗ ಇಬ್ಬನಿ ತಾಗಿದ ಸಿಮೆಂಟ್ ಧೂಳು ಎಲೆಗೆ ಗಟ್ಟಿಯಾಗಿ ಅಂಟುತ್ತದೆ. 2019ರಲ್ಲಿ ಜಿಐ ಮಾನ್ಯತೆ ಪಡೆದ ಕಲಬುರಗಿ ತೊಗರಿಯ ನಷ್ಟ ಅಳೆಯಲು ಒಣಗಿದ ಗಿಡ ಎಣಿಸಿದರೆ ಸಾಲದು. ಹಸಿರಿದ್ದೂ ಕಾಳು ಕಮ್ಮಿಯಾದ ಗಿಡವನ್ನೂ ಲೆಕ್ಕಕ್ಕೆ ಹಿಡಿಯಬೇಕು.