ಡಿಸ್ಕ್ ಚಿಕಿತ್ಸೆ: ಮೊದಲು ಕೇಳಬೇಕಾದ ಮಾತು

ಬೀಡಿ ಕಟ್ಟುವ ತಾಯಂದಿರು, ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವವರು, ರಿಕ್ಷಾ ಓಡಿಸುವವರು... ಸೊಂಟನೋವು ಇಲ್ಲದ ಮನೆ ನಮ್ಮಲ್ಲಿ ಕಮ್ಮಿ. ಬೆನ್ನೆಲುಬಿನ ಮಣಿಗಳ ನಡುವಿನ ಡಿಸ್ಕಿನ ಒಳಗೆ ನೀರು ತುಂಬಿದ ಲೋಳೆ, ಸುತ್ತ ಗಟ್ಟಿ ನಾರಿನ ಉಂಗುರ. ಅದರೊಳಕ್ಕೆ ರಕ್ತನಾಳ ಹೋಗುವುದಿಲ್ಲ. ಹಾಗಾಗಿ ಕೆಟ್ಟರೆ ತಾನಾಗಿ ಸರಿಯಾಗುವುದು ಕಷ್ಟ.

ಇದಕ್ಕೆ ವಿಜ್ಞಾನಿಗಳು ದನ, ಹಂದಿಗಳ ಡಿಸ್ಕಿನಿಂದ ಜೀವಕೋಶಗಳನ್ನು ತೊಳೆದು ತೆಗೆದು, ಉಳಿದ ಕೊಲಾಜೆನ್ ಹಂದರವನ್ನು ಕೆಟ್ಟ ಡಿಸ್ಕಿಗೆ ತುಂಬಿಸಿ ನೋಡುತ್ತಿದ್ದಾರೆ. ಕೋಶ ಉಳಿದರೆ ಶರೀರ ಅದನ್ನು ಒಪ್ಪುವುದಿಲ್ಲ. ಹೆಚ್ಚಿನದೆಲ್ಲ ಇನ್ನೂ ಪ್ರಯೋಗದ ಹಂತದಲ್ಲಿದೆ.

ನಾಳೆ ಅದು ಆಸ್ಪತ್ರೆಗೆ ಬಂದರೆ? 'ಉಸ್ತಾದರೇ, ಹಂದಿಯದ್ದು ಆಗ್ತದಾ?' ಎಂಬ ಪ್ರಶ್ನೆ ಬಂದೇ ಬರ್ತದೆ. ನಮ್ಮ ಶಾಫಿಈ ಮದ್‌ಹಬ್‌ನಲ್ಲಿ ತೊಳೆದ ಮಾತ್ರಕ್ಕೆ ಹಂದಿಯ ಅಂಶ ಶುದ್ಧವಾಗುವುದಿಲ್ಲ. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 13ನೇ ಶತಮಾನದ ಇಮಾಂ ನವವಿಯವರು 'ಮಿನ್‌ಹಾಜ್'ನಲ್ಲಿ, ಶುದ್ಧವಾದುದು ಸಿಗದೆ ನಜಸಿನಿಂದ ಎಲುಬು ಜೋಡಿಸಿಕೊಂಡವನಿಗೆ ವಿನಾಯಿತಿ ಇದೆ ಎಂದಿದ್ದಾರೆ.

ಆದ್ದರಿಂದ ನಾವು ಹೇಳುವುದಿಷ್ಟೆ: ಇದು ಯಾವ ಪ್ರಾಣಿಯದ್ದು, ದನದ್ದಾದರೆ ಜಬಹ್ ಮಾಡಿದ್ದಾ, ಶುದ್ಧವಾದ ಬದಲಿ ಉಂಟಾ ಅಂತ ಮೊದಲು ಡಾಕ್ಟರಲ್ಲಿ ಕೇಳಿ, ಆ ಉತ್ತರ ಹಿಡಿದು ಆಲಿಮರಲ್ಲಿಗೆ ಬನ್ನಿ. ಕೇಳಲು ನಾಚಿಕೊಂಡು ನೋವು ತಿನ್ನುವುದು ಬೇಡ.